ಒಂದು ಪೀರಿಯಡ್ಡಿನಲ್ಲಿ ಜಗತ್ತು

ಕಥಕ್ಕಳಿ ತನ್ನೂರಿನ ದೇವಸ್ಥಾನದ ಅಂಗಳದಲ್ಲಿ ರಾತ್ರಿ ಶುರುವಾದರೆ ಬೆಳಗಾಗುವ ತನಕ ನಡೆಯುತ್ತದೆ. ಅದೇ ನಮ್ಮ ಶಾಲೆಗೆ ಬಂದರೆ ಸಿಗುವುದು ಒಂದು ಪೀರಿಯಡ್ಡು. ಗಣಿತದ ಮಾಸ್ತರು ಮನಸ್ಸು ಮಾಡಿದರೆ ಎರಡು. ಪ್ರಾರ್ಥನೆ, ಸ್ವಾಗತ, ಶಾಲು, ಫ್ಯಾನಿನ ಗಾಳಿಗೆ ಮತ್ತೆ ಮತ್ತೆ ಆರುವ ದೀಪ, ಎಸ್‌ಡಿಎಂಸಿ ಅಧ್ಯಕ್ಷರ ‘ಎರಡು ಮಾತು’ ಎಲ್ಲ ಅದರೊಳಗೇ ಮುಗಿಯಬೇಕು. ಉಳಿದ ಹೊತ್ತು ಭೀಮನಿಗೆ.

ಅಷ್ಟರಲ್ಲೇ ಭೀಮ ಮಕ್ಕಳನ್ನು ಗೆದ್ದುಬಿಡುತ್ತಾನೆ. ಗೆಲ್ಲುವುದು ಕುಣಿತದಿಂದ ಅಂದುಕೊಂಡಿದ್ದರೆ ಹಾಗಲ್ಲ, ಕೆಂಪು ಕಣ್ಣಿನಿಂದ. ಬದನೆ ಜಾತಿಯ ಒಂದು ಗಿಡದ ಹೂವಿನ ಬುಡದಿಂದ ಮಾಡಿದ ಚಿಕ್ಕ ಕಾಳನ್ನು, ಚುಂಡಪ್ಪೂ ಅನ್ನುತ್ತಾರೆ ಅದಕ್ಕೆ, ರೆಪ್ಪೆಯೊಳಗೆ ಇಟ್ಟುಕೊಂಡು ಕಣ್ಣು ಕೆಂಪು ಮಾಡಿಕೊಳ್ಳುತ್ತಾರೆ ಎಂದು ಹೇಳಿದ್ದೇ ತಡ, ಹಿಂದಿನ ಸಾಲಿನವರೂ ಮಂಡಿಯೂರಿ ಎದ್ದರು. ಉರಿಯಲ್ವಾ ಸರ್? ಇಟ್ಕೊಂಡೇ ನಿದ್ದೆ ಬಂದ್ರೆ? ಇಷ್ಟು ಬಣ್ಣ ಹಚ್ಕೊಂಡ್ರೆ ಮನೆಯವ್ರಿಗೆ ಗುರ್ತು ಸಿಗುತ್ತಾ? ಅಷ್ಟರಲ್ಲಿ ಮೇಷ್ಟ್ರೊಬ್ಬರು ಎದ್ದು, “ಕಲೆಗೆ ಸಂಬಂಧಿಸಿದ ಪ್ರಶ್ನೆ ಮಾತ್ರ ಕೇಳಿ” ಎಂದು ಗದರಿದರು. ಆಮೇಲೆ ಒಂದು ಪ್ರಶ್ನೆಯೂ ಬರಲಿಲ್ಲ.

ಯಾವ ಪ್ರಶ್ನೆ ಕಲೆಗೆ ಸಂಬಂಧಿಸಿರಲಿಲ್ಲ ಎಂದು ನಾನು ಬಸ್ಸಿನಲ್ಲಿ ಕೂತು ಯೋಚಿಸಿದೆ. ತಿಳಿಯಲಿಲ್ಲ.

*

ದೂರದ ಕಲೆಯನ್ನು ಶಾಲೆಯ ಬಾಗಿಲಿಗೆ ಒಯ್ಯುವ ಹುಚ್ಚು ಹಲವರಿಗೆ ಹಿಡಿದಿದೆ. ದೆಹಲಿ ಐಐಟಿಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಕಲಿಸುತ್ತಿದ್ದ ಕಿರಣ್ ಸೇಠ್ 1977ರಲ್ಲಿ ಸ್ಪಿಕ್‌ಮೆಕೆ ಎಂಬ ಸಂಸ್ಥೆ ಕಟ್ಟಿದರು. ನ್ಯೂಯಾರ್ಕಿನಲ್ಲಿ ಓದುತ್ತಿದ್ದಾಗ ಡಾಗರ್ ಮನೆತನದವರ ಧ್ರುಪದ್ ಕೇಳಿದ್ದು ಅದಕ್ಕೆ ಮೂಲ. ಅದೇ ವರ್ಷ ಬ್ರಿಟನ್ನಿನಲ್ಲಿ ಪಿಟೀಲು ವಾದಕ ಯೆಹೂದಿ ಮೆನುಹಿನ್ ‘ಲೈವ್ ಮ್ಯೂಸಿಕ್ ನೌ’ ಶುರುಮಾಡಿದರು. ಸಂಗೀತ ಸಭಾಂಗಣದ ಮೆಟ್ಟಿಲು ಹತ್ತಲಾಗದವರಿರುವ ಕಡೆಗೆ, ಆಸ್ಪತ್ರೆಗೆ, ವಿಶೇಷ ಮಕ್ಕಳ ಶಾಲೆಗೆ, ಯುವ ಸಂಗೀತಗಾರರನ್ನು ಸಂಭಾವನೆ ಕೊಟ್ಟು ಕಳಿಸುವುದು ಅದರ ಕೆಲಸ.

ಎರಡೂ ಒಂದೇ ಥರ ಕಾಣುತ್ತವೆ. ನೋಡುತ್ತಾ ಹೋದರೆ ಲೆಕ್ಕಾಚಾರ ಬೇರೆ. ಸೇಠ್ ಅವರಿಗೆ ಕೇಳುವ ಮಗು ಬದಲಾಗಬೇಕು. ಮೆನುಹಿನ್‌ಗೆ ಕೇಳುಗರಷ್ಟೇ ನುಡಿಸುವ ಹುಡುಗನೂ ಮುಖ್ಯ: ಚಪ್ಪಾಳೆ ತಟ್ಟಲು ಬಾರದ ಮಗುವಿನೆದುರು ನುಡಿಸಿದ ಸಂಗೀತಗಾರ ಮುಂಚಿನಂತೆ ಉಳಿಯಲಾರ ಎಂಬ ಎಣಿಕೆ. ನಮ್ಮ ಶಾಲೆಗಳಿಗೆ ಬರುವ ಕಲಾವಿದರನ್ನು ‘ಮಕ್ಕಳಿಗೆ ಹೇಗನ್ನಿಸಿತು’ ಎಂದು ಎಲ್ಲರೂ ಕೇಳುತ್ತಾರೆ. ‘ನಿಮಗೇನು ಸಿಕ್ಕಿತು’ ಎಂದು ಕೇಳಿದವರನ್ನು ನಾನು ಕಂಡಿಲ್ಲ. ರಾತ್ರಿಯಿಡೀ ಆಟ ಮುಗಿಸಿ ಬಣ್ಣ ಒರೆಸಿಕೊಂಡು ಬೆಳಗ್ಗೆ ಹತ್ತಕ್ಕೆ ಶಾಲೆಯ ಜಗಲಿಯಲ್ಲಿ ಕೂತು ತೂಕಡಿಸುವ ಯಕ್ಷಗಾನದವರನ್ನಾದರೂ ಕೇಳಬಹುದಿತ್ತು.

ಕಿರಣ್ ಸೇಠ್ 2022ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಇದೇ ಕೆಲಸಕ್ಕಾಗಿ ಕಾಶ್ಮೀರದಿಂದ ಕನ್ಯಾಕುಮಾರಿಗೆ ಸೈಕಲ್ ಏರಿ ಹೊರಟರು. ಇಷ್ಟು ವರ್ಷ ರೈಲು, ವಿಮಾನದಲ್ಲಿ ಕಲಾವಿದರನ್ನು ಕಳಿಸಿದವರಿಗೆ ಕೊನೆಗೆ ಸೈಕಲ್ಲೇ ಯಾಕೆ ಬೇಕಾಯಿತು ಎಂಬುದು ನನ್ನ ಬಗೆಹರಿಯದ ಪಟ್ಟಿಯಲ್ಲಿದೆ.

*

ಶಾಲಾ ಮಕ್ಕಳ ಸ್ಪರ್ಧೆಯಾದ ಪ್ರತಿಭಾ ಕಾರಂಜಿಗೆ ಒಮ್ಮೆ ನನ್ನನ್ನು ತೀರ್ಪುಗಾರನಾಗಿ ಕರೆದರು. ಅಲ್ಲಿ ಬಹುಸಂಸ್ಕೃತಿ ಅನ್ನುವ ಮಾತನ್ನು ಯಾರೂ ಎತ್ತುವುದಿಲ್ಲ. ಆದರೆ ಪಟ್ಟಿ ನೋಡಿ: ಸಂಸ್ಕೃತ ಪಠಣ, ಅರೇಬಿಕ್ ಪಠಣ, ಜಾನಪದ ಗೀತೆ, ಗಜಲ್, ಛದ್ಮವೇಷ, ಕೋಲಾಟ, ಮಣ್ಣಿನ ಮಾದರಿ, ಕವ್ವಾಲಿ.

ಕವ್ವಾಲಿಗೆ ಬಂದ ಒಂದು ತಂಡ ಮಲೆನಾಡಿನ ಒಳಗಿನ ಹಳ್ಳಿಯದು. ಊರಿನಲ್ಲಿ ಒಂದೂ ಮುಸ್ಲಿಂ ಮನೆ ಇಲ್ಲವೆಂದು ಅವರ ಮಾಸ್ತರೇ ಹೇಳಿದರು. ಮಕ್ಕಳೆಲ್ಲ ತಲೆಗೆ ಟೋಪಿ, ಕೊರಳಿಗೆ ಬಣ್ಣದ ಕರವಸ್ತ್ರ, ಕಣ್ಣಿಗೆ ಧಾರಾಳ ಕಾಡಿಗೆ ಹಾಕಿಕೊಂಡು ಮಂಡಿಯೂರಿ ಕೂತಿದ್ದರು. ಹಾರ್ಮೋನಿಯಂ ಬಾರಿಸಿದವರು ದೈಹಿಕ ಶಿಕ್ಷಕರು. ಉರ್ದು ಉಚ್ಚಾರಣೆ ಹವ್ಯಕ ಕನ್ನಡದ ಕಡೆಗೆ ವಾಲುತ್ತಿತ್ತು. ಆದರೂ ಆ ಚಪ್ಪಾಳೆಯ ವರಸೆ, ಒಬ್ಬ ಎತ್ತಿದ ಸಾಲನ್ನು ಉಳಿದವರು ಕಸಿದುಕೊಳ್ಳುವ ರೀತಿ, ಅದು ಪಕ್ಕಾ ಕವ್ವಾಲಿಯದು. ಎಲ್ಲಿಂದ ಕಲಿತಿರಿ ಅಂದೆ. “ಕಳೆದ ವರ್ಷ ಗೆದ್ದ ತಂಡದ್ದು ನೋಡಿ.” ಆ ತಂಡ? “ಅವರೂ ನಮ್ಮ ಹಾಗೇ ಸರ್.”

ಮೂಲ ಕವ್ವಾಲರನ್ನು ನೋಡಿದವರು ಈ ಸರಪಳಿಯಲ್ಲಿ ಎಷ್ಟು ಹಿಂದೆ ಇದ್ದಾರೋ. ಇದನ್ನು ನಕಲಿನ ನಕಲು ಎಂದು ತಳ್ಳಿಹಾಕಬಹುದು. ನನಗೆ ಹಾಗೆ ಮಾಡಲು ಮನಸ್ಸಾಗಲಿಲ್ಲ. ಬೋಧನೆಯಾಗಲಿ ಭಾಷಣವಾಗಲಿ ಇಲ್ಲದೆ, ಬಹುಮಾನದ ಆಸೆಯೊಂದರಿಂದಲೇ ಆ ಮಕ್ಕಳು ತಿಂಗಳುಗಟ್ಟಲೆ ಬೇರೊಬ್ಬರ ಭಕ್ತಿಯನ್ನು ಬಾಯಲ್ಲಿಟ್ಟುಕೊಂಡು ಓಡಾಡಿದ್ದಾರೆ. ಅಂಕಪಟ್ಟಿಯಲ್ಲಿ ವೇಷಭೂಷಣಕ್ಕೆ ಒಂದು ಕಾಲಂ ಇತ್ತು. ಎಷ್ಟು ಹಾಕಿದೆ ಎಂದು ಇಲ್ಲಿ ಬರೆಯುವುದಿಲ್ಲ.

ಛದ್ಮವೇಷದ ಬಗ್ಗೆಯೂ ಒಂದು ಮಾತು. ಅಲ್ಲಿ ‘ಬುಡಕಟ್ಟಿನವನು’ ಎಂದು ಬೆನ್ನಿಗೆ ಚೀಟಿ ಅಂಟಿಸಿಕೊಂಡು ಬಂದ ಮಗುವನ್ನು ಮೊದಲ ಸಾಲಿನಲ್ಲಿ ಕೂತಿದ್ದ ಬುಡಕಟ್ಟಿನ ಮಗು ಬಹಳ ಕುತೂಹಲದಿಂದ ನೋಡುತ್ತಿತ್ತು.

*

ಬ್ರಿಟನ್ನಿನ ಒಂದು ಹಳೆಯ ಜಗಳ ಇಲ್ಲಿ ನೆನಪಾಗುತ್ತದೆ. ಟ್ರಿನಿಡಾಡ್‌ನಲ್ಲಿ ವಸಾಹತು ಸರ್ಕಾರ 19ನೇ ಶತಮಾನದ ಕೊನೆಗೆ ಕಾರ್ನಿವಲ್‌ನ ಚರ್ಮವಾದ್ಯಗಳಿಗೆ ನಿಷೇಧ ಹಾಕಿತು. ಜನ ಬಿದಿರಿನ ಕೊಳವೆ ಕುಟ್ಟಿದರು, ತಗಡಿನ ಡಬ್ಬ ಬಡಿದರು, ಕೊನೆಗೆ ಎಣ್ಣೆಯ ಪೀಪಾಯಿಯನ್ನು ತಗ್ಗುಬಡಿದು ಅದರಲ್ಲಿ ಸ್ವರ ಹುಡುಕಿದರು. ಅದೇ ಸ್ಟೀಲ್‌ಪ್ಯಾನ್. ವಲಸೆ ಬಂದವರ ಜೊತೆ ಅದು ಲಂಡನ್ನಿಗೆ ಬಂತು, 1970ರ ದಶಕದ ಹೊತ್ತಿಗೆ ಅಲ್ಲಿನ ಶಾಲೆಗಳೊಳಗೆ ಹೊಕ್ಕಿತು. ಇತರ ಸಂಸ್ಕೃತಿಗಳ ಕಲೆಯನ್ನು ಮಕ್ಕಳಿಗೆ ಪರಿಚಯಿಸುವ ಹುಮ್ಮಸ್ಸಿನ ಕಾಲ ಅದು. ಆಮೇಲೆ ಟೀಕಾಕಾರರು ಆ ಇಡೀ ಹುಮ್ಮಸ್ಸಿಗೆ ‘ಸೀರೆ, ಸಮೋಸ, ಸ್ಟೀಲ್‌ಬ್ಯಾಂಡ್’ ಎಂಬ ಅಡ್ಡಹೆಸರಿಟ್ಟರು. ವರ್ಷಕ್ಕೊಂದು ದಿನ ಸೀರೆ ಉಟ್ಟು, ಸಮೋಸ ತಿಂದು, ಬ್ಯಾಂಡ್ ಕೇಳಿದರೆ ಕಪ್ಪು ಹುಡುಗನಿಗೆ ಆಟದ ಮೈದಾನದಲ್ಲಿ ಬೀಳುವ ಬೈಗುಳ ನಿಲ್ಲುತ್ತದೆಯೇ ಎಂಬುದು ಅವರ ಸಿಟ್ಟು.

ಸಿಟ್ಟು ಸರಿಯಾದದ್ದೇ. ಆದರೆ ಅಷ್ಟರಲ್ಲಿ ಪೀಪಾಯಿ ತನ್ನ ಕೆಲಸ ಮಾಡಿಯಾಗಿತ್ತು. ಸ್ಟಾಫ್ ನೊಟೇಶನ್ ಕಂಡರೆ ಓಡುತ್ತಿದ್ದ ಮಕ್ಕಳು ಅದರ ಸುತ್ತ ನಿಂತು ಒಟ್ಟಿಗೆ ನುಡಿಸಿದ್ದರು. ನೋಡಿ ಹೋಗುವ ಕಲೆಗೂ ಕೈಗೆ ಕೋಲು ಕೊಡುವ ಕಲೆಗೂ ಟೀಕಾಕಾರರು ವ್ಯತ್ಯಾಸ ಮಾಡಲಿಲ್ಲವೇ ಎಂದು ನನಗೆ ಅನುಮಾನ.

ಉಡುಪಿಯಲ್ಲಿ ಯಕ್ಷಶಿಕ್ಷಣದವರು ಪ್ರೌಢಶಾಲೆಗಳಿಗೆ ಗುರುಗಳನ್ನು ಕಳಿಸುತ್ತಾರೆ. ಅವರು ಒಂದು ದಿನಕ್ಕೆ ಬಂದು ಹೋಗುವವರಲ್ಲ. ಮಳೆಗಾಲದಲ್ಲಿ ಹೆಜ್ಜೆ ಹಿಡಿದ ಮಕ್ಕಳು ವರ್ಷದ ಕೊನೆಗೆ ತಾವೇ ಕಿರೀಟ ಕಟ್ಟಿಕೊಂಡು ರಂಗಕ್ಕೆ ಬರುತ್ತಾರೆ. ಹೆಣ್ಣುಮಕ್ಕಳೂ ಬಣ್ಣ ಹಚ್ಚುತ್ತಾರೆ. ಅಲ್ಲಿ ಸ್ವಾಗತ ಭಾಷಣ ಎಷ್ಟೇ ಉದ್ದವಾದರೂ ಮಕ್ಕಳಿಗೆ ಲೆಕ್ಕಕ್ಕಿಲ್ಲ, ಅವರು ಬಣ್ಣ ಹಚ್ಚುವ ಚೌಕಿಯಲ್ಲಿರುತ್ತಾರೆ.

*

‘ಏಕ ಭಾರತ ಶ್ರೇಷ್ಠ ಭಾರತ’ ಯೋಜನೆಯಲ್ಲಿ ಕರ್ನಾಟಕಕ್ಕೆ ಜೋಡಿ ಉತ್ತರಾಖಂಡ. 2015ರ ಅಕ್ಟೋಬರ್ 31ರಂದು, ಸರ್ದಾರ್ ಪಟೇಲರ ಜನ್ಮದಿನದಲ್ಲಿ ಘೋಷಣೆಯಾದದ್ದು. ಒಂದು ರಾಜ್ಯದ ಮಕ್ಕಳು ಇನ್ನೊಂದರ ಹಾಡು, ಕುಣಿತ, ನಾಲ್ಕು ಮಾತು ಕಲಿಯಬೇಕು.

ಆ ಲೆಕ್ಕದಲ್ಲಿ ನಮ್ಮ ಕಡೆಯ ಒಂದು ಶಾಲೆ ಕುಮಾವೂನಿನ ಛೋಲಿಯಾ ನೃತ್ಯ ಆರಿಸಿಕೊಂಡಿತು. ಮದುವೆ ದಿಬ್ಬಣದ ಮುಂದೆ ಗಂಡಸರು ಕತ್ತಿ ಗುರಾಣಿ ಹಿಡಿದು ಕುಣಿಯುವ ಕುಣಿತ. ಇಲ್ಲಿ ಅದನ್ನು ಏಳನೇ ತರಗತಿಯ ಹುಡುಗಿಯರು ಬೆಳ್ಳಿ ಬಣ್ಣ ಬಳಿದ ರಟ್ಟಿನ ಕತ್ತಿ ಹಿಡಿದು ಕುಣಿದರು. ಗುರು: ಮುಖ್ಯೋಪಾಧ್ಯಾಯಿನಿಯ ಮೊಬೈಲು. ಮೊಬೈಲಿನಲ್ಲಿ ಎದುರು ಮುಖವಾಗಿ ಕುಣಿಯುವವರನ್ನು ಕನ್ನಡಿ ನೋಡಿದಂತೆ ಅನುಕರಿಸಿದ್ದರಿಂದ ಎಡ ಬಲ ಅದಲುಬದಲಾಗಿ ಎಲ್ಲರೂ ಎಡಗೈಯಲ್ಲಿ ಕತ್ತಿ ಬೀಸಿದರು. ಚೆನ್ನಾಗಿತ್ತು, ನಿಜಕ್ಕೂ. ಉತ್ತರಾಖಂಡದ ಯಾವುದೋ ಗುಡ್ಡದ ಶಾಲೆಯಲ್ಲಿ ನಮ್ಮ ಡೊಳ್ಳು ಏನಾಗಿದೆಯೋ, ಅದನ್ನು ನೋಡುವ ಆಸೆ ನನಗೆ.

ಆ ಹುಡುಗಿಯರಲ್ಲಿ ಮೂವರು ಸಿದ್ದಿಗಳು, ಒಬ್ಬಳು ಗೌಳಿಗರ ಹುಡುಗಿ, ಇಬ್ಬರು ಲಂಬಾಣಿ. ಅವರ ಮನೆಯ ಕುಣಿತ ಯಾವುದು ಎಂದು ಶಾಲೆ ಕೇಳಿದ್ದುಂಟೇ? “ಅದು ಎಲ್ಲರಿಗೂ ಗೊತ್ತಿರೋದೇ ಅಲ್ವಾ” ಎಂದು ಉತ್ತರ ಬಂತು. ಬೇರೆ ಮಕ್ಕಳನ್ನು ವಿಚಾರಿಸಿದೆ. ಒಬ್ಬರಿಗೂ ಗೊತ್ತಿರಲಿಲ್ಲ.

*

ಮುಂಡಗೋಡು ಈ ಗೊಂದಲಕ್ಕೆಲ್ಲ ಒಳ್ಳೆಯ ಜಾಗ. ಒಂದೇ ತಾಲ್ಲೂಕಿನಲ್ಲಿ ಸಿದ್ದಿಗಳಿದ್ದಾರೆ, ಟಿಬೆಟಿಯನ್ನರಿದ್ದಾರೆ.

ಟಿಬೆಟಿಯನ್ನರ ವಸತಿ 1966ರದು. ಲಾಸಾದ ಬಳಿ ಇದ್ದ ಗಾಂದೆನ್, ಡ್ರೆಪುಂಗ್ ಮಠಗಳು ಇಲ್ಲಿ ಮತ್ತೆ ಕಟ್ಟಿಕೊಂಡವು. ಶಾಲಾ ಪ್ರವಾಸದ ಬಸ್ಸುಗಳು ‘ಮಿನಿ ಟಿಬೆಟ್’ ನೋಡಲು ಬಂದು ನಿಲ್ಲುತ್ತವೆ. ಭಿಕ್ಷುಗಳು ಅಂಗಳದಲ್ಲಿ ತರ್ಕ ಮಾಡುವಾಗ ಒಬ್ಬ ಕೂತಿರುತ್ತಾನೆ, ಇನ್ನೊಬ್ಬ ನಿಂತು ಪ್ರಶ್ನೆ ಎಸೆದು, ಕಾಲು ಅಪ್ಪಳಿಸಿ, ಅಂಗೈಗೆ ಅಂಗೈ ಹೊಡೆಯುತ್ತಾನೆ. ಹಾವೇರಿ ಕಡೆಯ ಮಕ್ಕಳ ಗುಂಪೊಂದು ಅದನ್ನು ಜಗಳ ಅಂತಲೇ ತಿಳಿದು ಬಾಯಿಬಿಟ್ಟು ನಿಂತಿತ್ತು. ವಿಷಯ ಗೊತ್ತಾದ ಮೇಲೆ ಒಬ್ಬಳು ತನ್ನ ಮೇಷ್ಟ್ರಿಗೆ ಹೇಳಿದಳು: “ಚರ್ಚಾಸ್ಪರ್ಧೆಗೂ ಹಿಂಗ ಮಾಡ್ಬೋದಲ್ಲ ಸರ್? ಬಾಯಿಪಾಠ ಮಾಡಿದ್ದು ಮರ್ತ್ರೂ ನಡೀತೇತಿ.” ಆ ದಿನ ನಾನು ಕೇಳಿದ ಮಾತುಗಳಲ್ಲಿ ಇದೇ ಶ್ರೇಷ್ಠ.

ಟಿಬೆಟಿಯನ್ನರು 1959ರಲ್ಲಿ ದೇಶ ಬಿಟ್ಟು ಬಂದ ಕೆಲವೇ ತಿಂಗಳಲ್ಲಿ ಕಾಲಿಂಪಾಂಗ್‌ನಲ್ಲಿ ಒಂದು ಪ್ರದರ್ಶನ ಕಲೆಗಳ ಸಂಸ್ಥೆ ಶುರುಮಾಡಿದರು. ಆಮೇಲೆ ಅದು ಧರ್ಮಶಾಲೆಗೆ ಹೋಯಿತು. ಹೊಟ್ಟೆಗೆ ಬಟ್ಟೆಗೆ ನೆಲೆ ಸಿಗುವ ಮೊದಲೇ ನಾಟಕದ ಮೇಳ! ಅಲ್ಲಿ ತಯಾರಾದವರು ಟಿಬೆಟಿಯನ್ ಶಾಲೆಗಳಿಗೆ ಹಾಡು, ಕುಣಿತ ಕಲಿಸುವ ಮಾಸ್ತರರಾಗಿ ಹೋದರು. ಡ್ರಾನ್ಯೆನ್ ಎಂಬ ತಂತಿವಾದ್ಯ ವೇಳಾಪಟ್ಟಿಯೊಳಗೆ ಬಂತು. ದೇಶ ಕೈತಪ್ಪಿದ್ದರಿಂದ ಹಾಡು ಉಳಿಯಬೇಕಾದರೆ ಶಾಲೆಯಲ್ಲೇ ಉಳಿಯಬೇಕು, ಬೇರೆ ಜಾಗವಿಲ್ಲ ಎಂದು ಅವರಿಗೆ ಬೇಗ ತಿಳಿದಿತ್ತು.

ಸಿದ್ದಿಗಳದ್ದು ತಿರುಗುಮುರುಗು. ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಗೋವೆಗೆ ತಂದವರು, ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡು ಕಡೆ ಹಿಂದೂಗಳಾಗಿ, ಕ್ರೈಸ್ತರಾಗಿ, ಮುಸ್ಲಿಮರಾಗಿ ಬದುಕಿದ್ದಾರೆ. ಮನೆಯಲ್ಲಿ ಕೊಂಕಣಿ ಬೆರೆತ ಮಾತು, ಶಾಲೆಯಲ್ಲಿ ಕನ್ನಡ. ಡಮಾಮಿ ಅವರ ಚರ್ಮವಾದ್ಯದ ಹೆಸರು, ಅದರ ಜೊತೆಗಿನ ಕುಣಿತಕ್ಕೂ ಅದೇ ಹೆಸರು. ಹೆಂಗಸರು ಹಳೆ ಬಟ್ಟೆಯಿಂದ ಹೊಲಿಯುವ ಕೌದಿಗೆ ಈಗ ನಗರಗಳಲ್ಲಿ ಪ್ರದರ್ಶನದ ಗೋಡೆ ಸಿಗುತ್ತದೆ. ಉತ್ಸವಗಳ ವೇದಿಕೆಗೆ ಡಮಾಮಿಯೂ ಹೋಗುತ್ತದೆ. ಆದರೆ ವೇದಿಕೆ ಹತ್ತುವಾಗ ಸೊಪ್ಪಿನ ಉಡುಗೆ, ಮುಖಕ್ಕೆ ಬಿಳಿಯ ಚುಕ್ಕೆ! ಮನೆಯಲ್ಲಿ ಸೀರೆ, ಲುಂಗಿ ಉಡುವವರು ಪ್ರೇಕ್ಷಕರ ಮನಸ್ಸಿನಲ್ಲಿರುವ ಆಫ್ರಿಕಾವನ್ನು ಉಟ್ಟುಕೊಂಡು ಕುಣಿಯಬೇಕಾಗಿದೆ. ಇದಕ್ಕೆ ನಮ್ಮ ಛದ್ಮವೇಷ ಸ್ಪರ್ಧೆಯೇ ವಾಸಿ. ಅಲ್ಲಾದರೆ ವೇಷ ಎಂದು ಚೀಟಿ ಇರುತ್ತದೆ.

ಸರ್ಕಾರ ಸಿದ್ದಿ ಮಕ್ಕಳನ್ನು ಹುಡುಕಿಕೊಂಡು ಬಂದದ್ದೇ ಇಲ್ಲ ಅನ್ನುವಂತಿಲ್ಲ. 1980ರ ದಶಕದ ಕೊನೆಗೆ, ಮಾರ್ಗರೇಟ್ ಆಳ್ವ ಕ್ರೀಡಾ ಖಾತೆ ನೋಡುತ್ತಿದ್ದಾಗ, ಕ್ರೀಡಾ ಪ್ರಾಧಿಕಾರದವರು ಬಂದರು. ಆಫ್ರಿಕಾದ ಮೂಲದವರಾದ್ದರಿಂದ ಓಟದಲ್ಲಿ ಪದಕ ತರುತ್ತಾರೆ ಎಂಬ ಲೆಕ್ಕ. ಮಕ್ಕಳನ್ನು ಕರೆದೊಯ್ದು ತರಬೇತಿ ಕೊಟ್ಟರು, ಕೆಲವರು ಗೆದ್ದರು, ಕೆಲವು ವರ್ಷಕ್ಕೆ ಯೋಜನೆ ನಿಂತಿತು. ಕಾಲುಗಳ ಬಗ್ಗೆ ಅಷ್ಟು ಆಸ್ಥೆ ವಹಿಸಿದವರಿಗೆ ಆ ಕಾಲುಗಳು ಯಾವ ತಾಳಕ್ಕೆ ಹೆಜ್ಜೆ ಹಾಕುತ್ತವೆ ಎಂಬ ಕುತೂಹಲ ಬರಲಿಲ್ಲ.

*

ಇದೇ 1980ರ ದಶಕದಲ್ಲಿ ಇನ್ನೊಂದು ನಡೆಯಿತು. ಹೆಗ್ಗೋಡಿನ ನೀನಾಸಮ್ ಊರೂರಿಗೆ ರಂಗಶಿಬಿರ ಒಯ್ಯುತ್ತಿದ್ದ ಕಾಲ. ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯಲ್ಲಿ ಚಿದಂಬರರಾವ್ ಜಂಬೆ ಸಿದ್ದಿಗಳನ್ನು ಕಟ್ಟಿಕೊಂಡು ‘ಕಪ್ಪು ಜನರ ಕೆಂಪು ನೆರಳು’ ಆಡಿಸಿದರು. ಚಿನುವಾ ಅಚಿಬೆಯ ಮೊದಲ ಕಾದಂಬರಿಯಿಂದ ಬಂದ ನಾಟಕ. ಅಚಿಬೆಯ ನೈಜೀರಿಯಾ ಇರುವುದು ಆಫ್ರಿಕಾದ ಪಶ್ಚಿಮಕ್ಕೆ, ಸಿದ್ದಿಗಳ ಪೂರ್ವಿಕರು ಹೆಚ್ಚಿನವರು ಬಂದದ್ದು ಪೂರ್ವದಿಂದ. ಮಂಚಿಕೇರಿಯಲ್ಲಿ ಅದು ಯಾರಿಗೂ ಅಡ್ಡಿಯಾಗಲಿಲ್ಲ.

ನನಗೆ ಹಿಡಿಸುವುದು ಇದು: ಆ ಶಿಬಿರ ಅವರನ್ನು ‘ನಿಮ್ಮ ಸಂಸ್ಕೃತಿ ತೋರಿಸಿ’ ಎಂದು ಕೇಳಲಿಲ್ಲ. ನಾಟಕ ಕಲಿಯಿರಿ ಅಂದಿತು. ಅವರು ಬಿಳಿಯರು ಬಂದು ಚೂರಾದ ಇಗ್ಬೋ ಜನರ ಊರಿನ ಕತೆಯನ್ನು ಕನ್ನಡದಲ್ಲಿ ಆಡಿದರು. ನಟರಾದರು. ಶಾಲೆಗಳಿಗೆ ಬರುವ ಬಹುಸಂಸ್ಕೃತಿಯ ಕಾರ್ಯಾಗಾರಗಳಲ್ಲಿ ಇದು ಯಾಕೆ ಅಪರೂಪ? ಲಂಬಾಣಿ ಹುಡುಗಿ ಲಂಬಾಣಿ ಕುಣಿತವನ್ನೇ ಮಾಡಬೇಕು, ಅವಳಿಗೆ ಶೇಕ್ಸ್‌ಪಿಯರ್ ಕೊಡುವವರು ಯಾರು? ಹಾಗೆಂದು ಕೊಟ್ಟದ್ದೆಲ್ಲ ಶೇಕ್ಸ್‌ಪಿಯರೇ ಆಗಿ ಅವಳ ಕುಣಿತ ಶಾಲೆಯ ಗೇಟಿನ ಹೊರಗೇ ಉಳಿದರೆ? ಎರಡೂ ಕಡೆ ತಲೆದೂಗುತ್ತಾ ಕೂತಿದ್ದೇನೆ.

*

ಛೋಲಿಯಾ ಕುಣಿಸಿದ್ದ ಘಟ್ಟದ ಅದೇ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಅಕ್ಕೋರು ಈ ಬಾರಿಯ ಸಂಭ್ರಮ ಶನಿವಾರಕ್ಕೆ ಆರನೇ ತರಗತಿಯ ಸಿದ್ದಿ ಹುಡುಗನೊಬ್ಬನ ಅಜ್ಜಿಯನ್ನು ಡಮಾಮಿಗೆಂದು ಕರೆಯಲು ಹೊರಟರು. ಬ್ಯಾಗಿಲ್ಲದ ದಿನ, ಪೂರ್ತಿ ಬೆಳಗು ಕೈಯಲ್ಲಿದೆ. ನಾನೂ ಜೊತೆಗೆ ಹೋದೆ.

“ಯಾರ ಮನೇಲಿ ಏನು ಕಾರ್ಯ?” ಅಂದಳು ಅಜ್ಜಿ.

“ಕಾರ್ಯ ಏನಿಲ್ಲಜ್ಜಿ. ಮಕ್ಕಳಿಗೆ ತೋರಿಸೋಕೆ.”

“ತೋರಿಸೋಕಾ?” ಅಜ್ಜಿ ತನ್ನ ಮೈದುನನ ಮುಖ ನೋಡಿದಳು, ಅವನು ನನ್ನ ಮುಖ ನೋಡಿದ. ಸ್ವಲ್ಪ ಹೊತ್ತು ಬಿಟ್ಟು ಅವನು, “ಸುಮ್ನೆ ಬಡಿಯೋದು ಹೆಂಗೆ” ಅಂದ. ಕೊನೆಗೆ ಅಜ್ಜಿಯೇ ದಾರಿ ಹುಡುಕಿದಳು. ಶಾಲೆಗೆ ಹೊಸ ಕೋಣೆ ಆಗಿದೆಯಲ್ಲ, ಅದನ್ನೇ ಕಾರ್ಯ ಅಂದುಕೊಂಡರಾಯಿತು. ಕಾರಣ ಇಲ್ಲದೆ ಕಲೆ ತೋರಿಸುವುದು ನಮಗೆಷ್ಟು ಸಹಜವಾಗಿದೆ ಎಂದು ಆಗಲೇ ನನಗೆ ಹೊಳೆದದ್ದು.

ಶನಿವಾರ ಮಳೆ. ಡಮಾಮಿಯ ಚರ್ಮ ತಣ್ಣಗೆ ಸಡಿಲಾಗಿತ್ತು. ಬೆಂಕಿ ಬೇಕು ಅಂದ ಮೈದುನ. ಬಿಸಿಯೂಟದ ಅಡುಗೆಮನೆಯಲ್ಲಿರುವುದು ಗ್ಯಾಸು, ಅದರ ಮೇಲೆ ವಾದ್ಯ ಹಿಡಿದರೆ ಚರ್ಮ ಸುಟ್ಟೀತು. ಅಂಗಳದಲ್ಲಿ ಬೆಂಕಿ ಹಾಕಲು ಮುಖ್ಯೋಪಾಧ್ಯಾಯಿನಿಗೆ ಭಯ, ಯಾರಾದರೂ ಫೋಟೋ ತೆಗೆದು ಹಾಕಿದರೆ? ಕೊನೆಗೆ ಅಡುಗೆಯವರು ಕೊಟ್ಟಿಗೆಯಲ್ಲಿದ್ದ ಒಣ ತೆಂಗಿನ ಗರಿ ತಂದು ಜಗಲಿಯ ಮೂಲೆಯಲ್ಲಿ ಹಳೇ ಬಾಣಲೆಯೊಳಗೆ ಹೊತ್ತಿಸಿದರು. ಮಕ್ಕಳೆಲ್ಲ ಸುತ್ತ ನೆರೆದರು. ಚರ್ಮ ಬಿಗಿಯಾಗುತ್ತಾ ದನಿ ಬದಲಾಗುವುದನ್ನು ಮೈದುನ ಬೆರಳಲ್ಲಿ ತಟ್ಟಿ ತಟ್ಟಿ ಕೇಳಿಸಿದ. ಇದು ಕಾರ್ಯಕ್ರಮದ ತಯಾರಿಯೋ ಕಾರ್ಯಕ್ರಮವೋ ಯಾರೂ ಘೋಷಿಸಲಿಲ್ಲ. ಒಬ್ಬ ಹುಡುಗ ಕೇಳಿಯೇಬಿಟ್ಟ: “ಇದು ಯಾವ ಪ್ರಾಣಿದು?” “ಮೊದ್ಲು ಜಿಂಕೆದು. ಈಗ ಆಡಿಂದು.” ಯಾಕೆ ಎಂಬ ಪ್ರಶ್ನೆಗೆ ಅಕ್ಕೋರು 1972ರ ವನ್ಯಜೀವಿ ಕಾಯ್ದೆ ಹೇಳಿದರು. ಆಡಿನ ದನಿಗೂ ಜಿಂಕೆಯ ದನಿಗೂ ಏನು ವ್ಯತ್ಯಾಸ ಎಂಬುದನ್ನು ಮೈದುನ ಬಾಯಲ್ಲೇ ನುಡಿಸಿ ತೋರಿಸಿದ. ಕುಣಿತ ಶುರುವಾಗುವ ಹೊತ್ತಿಗೆ ಊಟದ ಗಂಟೆ ಹತ್ತಿರ ಬಂದಿತ್ತು. ಆದರೂ ಕುಣಿದರು, ಛೋಲಿಯಾ ಕುಣಿದಿದ್ದ ಹುಡುಗಿಯರು ಎಲ್ಲರಿಗಿಂತ ಮುಂದೆ.

ಆಮೇಲೆ ಕಾಗದದ ಕೆಲಸ. ಸಂಪನ್ಮೂಲ ವ್ಯಕ್ತಿಗೆ ಸಂಭಾವನೆ ಕೊಡಬೇಕಾದರೆ ಆಧಾರ್, ಪಾಸ್‌ಬುಕ್ಕಿನ ಪ್ರತಿ, ವಿದ್ಯಾರ್ಹತೆ. ವಿದ್ಯಾರ್ಹತೆಯ ಕಡೆ ಅಕ್ಕೋರು ‘ಅನುಭವ’ ಎಂದು ಬರೆದರು. ಮುಂದಿನ ಕಾಲಂ ಕಲೆಯ ಸ್ವರೂಪದ್ದು: ಸ್ಥಳೀಯ, ಹೊರರಾಜ್ಯ, ವಿದೇಶಿ, ಅನ್ವಯಿಸುವುದಕ್ಕೆ ಗುರುತು ಹಾಕಿ. ಅಜ್ಜಿಯ ಮನೆ ಶಾಲೆಯಿಂದ ಕೂಗಳತೆಯಲ್ಲಿದೆ, ಅವಳ ಅಜ್ಜಿಯ ಮನೆಯೂ ಅಲ್ಲೇ ಇತ್ತು. ‘ಸ್ಥಳೀಯ’ಕ್ಕೆ ಗುರುತು ಬಿತ್ತು.

ವಾರದ ಮೇಲೆ ಕಚೇರಿಯಿಂದ ಅಕ್ಕೋರಿಗೆ ಫೋನು. “ಮೇಡಂ, ಸ್ಥಳೀಯ ಅಂತ ಹಾಕಿದ್ರೆ ಹಣ ಬಿಡುಗಡೆ ಆಗಲ್ಲ. ಹೊರಗಿನ ಕಲಾವಿದರಿಗೆ ಮಾತ್ರ. ತಿದ್ದಿ ಕಳಿಸಿ.”

ಅಕ್ಕೋರು ನನಗೆ ಫೋನ್ ಮಾಡಿ ಕೇಳಿದರು: “ಪೂರ್ವ ಆಫ್ರಿಕಾ ಅಂತ ಬರೀಲಾ?”